ಮಿನಿ ಹಿಟಾಚಿಗೆ ಎಲೆಕ್ಟ್ರಿಕ್ ಮೋಟರ್: ಇಂಜಿನ್ ಕೀಳಿ, ಸಿಲಿಂಡರ್ ಬಿಡಿ

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. ಸಕಲೇಶಪುರದ ತೋಟದಲ್ಲಿ 3 ಟನ್ನಿನ ಹಳೇ ಮಿನಿ ಹಿಟಾಚಿ, ಇಂಜಿನ್ ಬೋರಿಗೆ ಬಂದಿದೆ, ಮೇಲಿಂದ ಹೋಸ್ ಒಡೆದು ಕಾಫಿ ಗಿಡದ ಬುಡಕ್ಕೆ ಆಯಿಲ್ ಚೆಲ್ಲಿದೆ. ಹೈಡ್ರಾಲಿಕ್ಕೇ ಇಲ್ಲದ ಬಾಬ್‌ಕ್ಯಾಟ್ ಲೋಡರಿನ ವಿಡಿಯೋ ನೋಡಿ, ಆಯಿಲ್ ಒತ್ತಡದಿಂದ ತೋಳು ಆಡಿಸುವ ಪಂಪು, ಹೈಡ್ರಾಲಿಕ್ ಸಿಲಿಂಡರ್ ಎಲ್ಲಾ ಕಿತ್ತು ಮೋಟರ್ ಹಾಕಿಸಬಹುದಾ ಅಂತ ಕೇಳಿದ್ದೀರಿ. ಇಂಜಿನ್ ತೆಗೆದು ಮೋಟರ್ ಕೂರಿಸಿ, ಧೈರ್ಯವಾಗಿ ಮಾಡಬಹುದು. ಸಿಲಿಂಡರ್ ಮಾತ್ರ ಮುಟ್ಟಬೇಡಿ. ನಾನು ಹತ್ತೊಂಬತ್ತು ವರ್ಷದಿಂದ ಪಂಪು, ವಾಲ್ವುಗಳ ರಿಪೇರಿ ಮಾಡುತ್ತಿದ್ದೇನೆ. ಎರಡು ವರ್ಷದ ಹಿಂದೆ ನಮ್ಮ ಗ್ಯಾರೇಜಿನಲ್ಲೇ ಇಂಥ ಒಂದು ಮಷೀನನ್ನು ಬದಲಾಯಿಸಿದ್ದೇವೆ, ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ನೀವು ನೋಡಿದ್ದು ಟಿ7ಎಕ್ಸ್, 2022ರ ಜನವರಿಯಲ್ಲಿ ಹೊರಬಂದ ಚೈನ್ ಲೋಡರ್. ಅದರ ಡೀಸೆಲ್ ಜೋಡಿಯಲ್ಲಿ ಎಲ್ಲಾ ಸೇರಿ ಸುಮಾರು 215 ಲೀಟರ್ ಆಯಿಲು, ದ್ರವ ಇದ್ದರೆ, ಇದರಲ್ಲಿ ಹೆಚ್ಚುಕಮ್ಮಿ ಒಂದು ಲೀಟರ್ ಕೂಲಂಟ್ ಅಷ್ಟೇ. ನಿಜಕ್ಕೂ ದೊಡ್ಡ ಕೆಲಸ. ಆದರೆ ಅದರ ಎಲೆಕ್ಟ್ರಿಕ್ ಸಿಲಿಂಡರುಗಳನ್ನು ಮೂಗ್ ಕಂಪನಿಯ ಜೊತೆ ಸೇರಿ ಆ ಮಷೀನಿಗೆಂದೇ ಮಾಡಿದ್ದಾರೆ. ಬಜಾರಿನಲ್ಲಿ ಸಿಗುವ ಸಾಮಾನಲ್ಲ.

ನಿಮ್ಮ ಬೂಮ್, ಅಂದರೆ ಬುಡದ ದೊಡ್ಡ ತೋಳು ಎತ್ತುವ ಸಿಲಿಂಡರಿನ ಬೋರು (ಒಳವ್ಯಾಸ) 75 ಮಿಲಿಮೀಟರ್ ಅಂದುಕೊಳ್ಳಿ. 200 ಬಾರ್ ಒತ್ತಡದಲ್ಲಿ ಅದು ತಳ್ಳುವ ಬಲ ಹತ್ತಿರ ಹತ್ತಿರ 9 ಟನ್. ಒಂದಾಳು ಹೊರುವಷ್ಟು ಭಾರದ ಸಿಲಿಂಡರಿನಿಂದ 9 ಟನ್! ಅಷ್ಟೇ ಬಲವನ್ನು ಅಷ್ಟೇ ವೇಗದಲ್ಲಿ ಮೋಟರು, ಗೇರು, ಸ್ಕ್ರೂನಿಂದ ತೆಗೆಯಲು ಹೋದರೆ ಬೂಮ್ ಮೇಲೆ ಅದನ್ನು ಕೂರಿಸಲು ಜಾಗವೇ ಸಾಲದು. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಬಕೆಟ್ಟು ಬಂಡೆಗೆ ಸಿಕ್ಕಿಕೊಂಡಾಗ ರಿಲೀಫ್ ವಾಲ್ವ್ ತೆರೆದು ಆಯಿಲ್ ಹಿಂದಕ್ಕೆ ಹೋಗುತ್ತದೆ, ಏಟು ಅಲ್ಲಿಗೇ ಕರಗುತ್ತದೆ. ಸ್ಕ್ರೂನಲ್ಲಿ ಆ ಏಟೆಲ್ಲ ನೇರವಾಗಿ ಅದರ ಥ್ರೆಡ್ ಮೇಲೆ, ಥ್ರೆಡ್‌ನಲ್ಲಿ ಉರುಳುವ ಸಣ್ಣ ಉಕ್ಕಿನ ಬಾಲ್‌ಗಳ ಮೇಲೆ ಬೀಳುತ್ತದೆ. ಮಲೆನಾಡಿನ ಕೆಸರಿನಲ್ಲಿ, ಬೇರು ಕೀಳುವ ಕೆಲಸದಲ್ಲಿ ಅದು ಎಷ್ಟು ದಿನ ಬಾಳೀತು ನೀವೇ ಯೋಚಿಸಿ.

ಸುತ್ತುವ ಕೆಲಸ ಎಲೆಕ್ಟ್ರಿಕ್ಕಿಗೆ ಒಗ್ಗುತ್ತದೆ, ತಳ್ಳುವ ಕೆಲಸ ಹೈಡ್ರಾಲಿಕ್ಕಿಗೆ. ನಮ್ಮ ಬಿಇಎಂಎಲ್ ಮಾಡುವ 205 ಟನ್ನಿನ ಡಂಪರ್ ನೋಡಿ: ಡೀಸೆಲ್ ಇಂಜಿನ್ ಜನರೇಟರ್ ತಿರುಗಿಸುತ್ತದೆ, ಹಿಂದಿನ ಚಕ್ರಗಳನ್ನು ಎಲೆಕ್ಟ್ರಿಕ್ ಮೋಟರ್ ಓಡಿಸುತ್ತದೆ, ಆದರೆ ಲೋಡ್ ಸುರಿಯಲು ತೊಟ್ಟಿ ಎತ್ತುವುದು ಹೈಡ್ರಾಲಿಕ್ ಸಿಲಿಂಡರೇ. ಕೊಮಾಟ್ಸು 2008ರಲ್ಲಿ ಪಿಸಿ200 ಅನ್ನುವ ಅಗೆಯುವ ಮಷೀನಿನ ಹೈಬ್ರಿಡ್ ತಂದಾಗಲೂ ಮೇಲ್ಭಾಗವನ್ನು ಸುತ್ತಿಸುವ ಸ್ವಿಂಗ್ ಮೋಟರ್ ಒಂದನ್ನು ಎಲೆಕ್ಟ್ರಿಕ್ ಮಾಡಿತು, ಬೂಮು, ಅದರ ಮುಂದಿನ ಆರ್ಮು ಹೈಡ್ರಾಲಿಕ್ಕಾಗೇ ಉಳಿದವು. ಜೆಸಿಬಿ, ವೋಲ್ವೋದವರ ಬ್ಯಾಟರಿ ಮಿನಿಗಳಲ್ಲೂ ಮೋಟರ್ ತಿರುಗಿಸುವುದು ಹೈಡ್ರಾಲಿಕ್ ಪಂಪನ್ನೇ.

ನಿಮ್ಮ ಮಷೀನಿಗೆ ಬರೋಣ. ಪಂಪಿನ ಪ್ಲೇಟ್ ನೋಡಿ, ನಿಮಿಷಕ್ಕೆ ಎಷ್ಟು ಲೀಟರ್ ಅನ್ನುವುದನ್ನು ಬಾರ್‌ನಿಂದ ಗುಣಿಸಿ 600ರಿಂದ ಭಾಗಿಸಿ, ಕಿಲೋವ್ಯಾಟ್ ಸಿಗುತ್ತದೆ. 60 ಲೀಟರ್, 200 ಬಾರ್ ಇದ್ದರೆ 20 ಕಿಲೋವ್ಯಾಟ್. ಅದು ಗರಿಷ್ಠ, ಇಡೀ ದಿನ ಅಷ್ಟು ಬೇಕಾಗುವುದಿಲ್ಲ. ಬ್ಯಾಟರಿಗೆ ಡೀಸೆಲ್ ಲೆಕ್ಕ ಹಿಡಿಯಿರಿ: ಗಂಟೆಗೆ 3 ಲೀಟರ್ ಕುಡಿಯುತ್ತಿದ್ದರೆ ಪಂಪಿಗೆ ಮುಟ್ಟುತ್ತಿರುವುದು ಸುಮಾರು 9 ಯೂನಿಟ್. ನಾಲ್ಕು ಗಂಟೆ ಕೆಲಸಕ್ಕೆ 40 ಯೂನಿಟ್ ಬ್ಯಾಟರಿ ಬೇಕು, ಲಿಥಿಯಂ ಫಾಸ್ಫೇಟ್ ಆದರೆ ತೂಕ 300 ಕಿಲೋ ದಾಟುತ್ತದೆ. ಆ ಭಾರವನ್ನು ಹಿಂದೆ ಕೌಂಟರ್‌ವೇಯ್ಟ್ ಪಕ್ಕ ಇಟ್ಟರೆ ಒಳ್ಳೆಯದೇ ಆಗುತ್ತದೆ.

ನಾವು ಪೆಟ್ಟು ತಿಂದಿದ್ದು ಮೋಟರಿಗೂ ಪಂಪಿಗೂ ಜೋಡಿಸುವ ಕಪ್ಲಿಂಗ್ ವಿಷಯದಲ್ಲಿ. ಮೋಟರ್ ಶಾಫ್ಟು, ಪಂಪಿನ ಶಾಫ್ಟು ಒಂದೇ ನೇರಕ್ಕೆ ಬಂದಿರಲಿಲ್ಲ, ಮೊದಲ ವಾರದಲ್ಲೇ ಶಾಫ್ಟಿನ ಸ್ಪ್ಲೈನ್ ಹಲ್ಲು ಸವೆದುಹೋಯಿತು. ಲೇತ್‌ನಲ್ಲಿ ಅಡಾಪ್ಟರ್ ಮಾಡಿಸಿ ಡಯಲ್ ಗೇಜ್ ಇಟ್ಟು ನೇರ ಇದೆಯಾ ಅಂತ ನೋಡದೆ ಬೋಲ್ಟ್ ಬಿಗಿಯಬೇಡಿ. ಎರಡನೆಯದು ಪೈಲಟ್ ಪ್ರೆಶರ್, ಅಂದರೆ ಜಾಯ್‌ಸ್ಟಿಕ್‌ನಿಂದ ದೊಡ್ಡ ವಾಲ್ವನ್ನು ಸರಿಸುವ ಸಣ್ಣ ಲೈನಿನ ಆಯಿಲ್ ಒತ್ತಡ. ಜಾಯ್‌ಸ್ಟಿಕ್ ಬಿಟ್ಟಾಗ ಮೋಟರ್ ಪೂರ್ತಿ ನಿಲ್ಲಿಸಿದರೆ ಕರೆಂಟ್ ಉಳಿಯುತ್ತದೆ, ಸರಿ. ಆದರೆ ಪೈಲಟ್ ಲೈನಿನ ಒತ್ತಡ ಬಿದ್ದು, ಮತ್ತೆ ಹಿಡಿದಾಗ ಕೈ ಎಳೆದಂತೆ ವಾಲ್ವ್ ಸ್ಪಂದಿಸುವುದಿಲ್ಲ. ನಾವು 900 ಆರ್‌ಪಿಎಂನಲ್ಲಿ ಓಡಲು ಬಿಟ್ಟೆವು, ಸರಿಹೋಯಿತು. ಆಯಿಲ್ ಕೂಲರಿನ ಫ್ಯಾನು ಇಂಜಿನ್ ಬೆಲ್ಟಿನಲ್ಲಿತ್ತು, ಅದಕ್ಕೆ ಬೇರೆ ಎಲೆಕ್ಟ್ರಿಕ್ ಫ್ಯಾನ್ ಬೇಕು. ಆಲ್ಟರ್ನೇಟರ್ ಹೋಗುವುದರಿಂದ ಲೈಟಿಗೆ, ಹಾರನ್ನಿಗೆ 12 ವೋಲ್ಟ್ ಕನ್ವರ್ಟರ್ ಹಾಕಬೇಕು. ಇಂಜಿನ್ ಸದ್ದು ನಿಂತ ಮೇಲೆ ಪಂಪಿನ ಕೀರಲು ದನಿ, ರಿಲೀಫ್ ವಾಲ್ವಿನ ಸೀಟಿ ಎಲ್ಲಾ ಕೇಳಿಸುತ್ತದೆ, ಹೆದರಬೇಡಿ, ಮೊದಲಿಂದಲೂ ಇದ್ದಿದ್ದೇ.

ಮುಂದೆ ದುಡ್ಡು ಉಳಿದರೆ ಸ್ವಿಂಗ್ ಮೋಟರ್ ಎಲೆಕ್ಟ್ರಿಕ್ ಮಾಡಿಸಿ, ಬ್ರೇಕ್ ಹಿಡಿದಾಗ ಕರೆಂಟ್ ವಾಪಸ್ ಬರುತ್ತದೆ. ಚೈನಿನ ಟ್ರಾವೆಲ್ ಮೋಟರ್ ಬೇಡ. ಈಗ ಸುತ್ತುವ ಮೇಲ್ಭಾಗದಿಂದ ಕೆಳಗಿನ ಚೈನಿಗೆ ಆಯಿಲ್ ಹೋಗುವುದು ನಡುವಿನ ಸೆಂಟರ್ ಜಾಯಿಂಟಿನಲ್ಲಿ. ಅಲ್ಲಿ ಕರೆಂಟ್ ಇಳಿಸಬೇಕಾದರೆ ಸುತ್ತುತ್ತಲೇ ಕರೆಂಟ್ ದಾಟಿಸುವ, ನೂರಾರು ಆಂಪಿಯರ್ ತಡೆಯುವ ಸ್ಲಿಪ್ ರಿಂಗ್ ಬೇಕು, ಅದೂ ನೀರು ನುಗ್ಗದಂತೆ.

ವೋಲ್ಟೇಜ್ ಬಗ್ಗೆ ನನ್ನ ಕಳಕಳಿಯ ಮಾತು: 300 ವೋಲ್ಟಿನ ಪ್ಯಾಕ್ ಹಾಕುವುದಾದರೆ ವೈರಿಂಗನ್ನು ಇವಿ ಕೆಲಸ ಕಲಿತವರಿಂದಲೇ ಮಾಡಿಸಿ. ನಿಮ್ಮ ಕಡೆ ಜೂನ್ ಜುಲೈ ಮಳೆಯಲ್ಲಿ ಕರೆಂಟ್ ಬಾಡಿಗೆ ಸೋರುತ್ತಿದ್ದರೆ ಎಚ್ಚರಿಸುವ ಇನ್ಸುಲೇಶನ್ ಮಾನಿಟರ್ ಇಲ್ಲದೆ ಮಷೀನಿನ ಮೇಲೆ ಯಾರನ್ನೂ ಹತ್ತಿಸಬೇಡಿ. ಪಂಪ್‌ಸೆಟ್ ಲೈನಿನಲ್ಲಿ ಚಾರ್ಜ್ ಮಾಡಬೇಡಿ, ಅದು ನೀರಾವರಿಗೆಂದು ಕೊಟ್ಟ ಸಂಪರ್ಕ, ತ್ರೀ ಫೇಸ್ ಬರುವ ಹೊತ್ತೂ ಕಮ್ಮಿ. ಬೇರೆ ಮೀಟರ್ ಹಾಕಿಸಿ. 7 ಕಿಲೋವ್ಯಾಟ್ ಚಾರ್ಜರಿನಲ್ಲಿ ರಾತ್ರಿ ಆರು ಗಂಟೆ ಸಾಕು.

ಆಯಿಲ್ ಸೋರಿಕೆಗಂತೂ ಇಷ್ಟೆಲ್ಲ ಬೇಕಾಗಿಲ್ಲ. ಎಲ್ಲಾ ಹೋಸ್ ಒಂದೇ ಸಲ ಬದಲಾಯಿಸಿ, ಸಿಲಿಂಡರುಗಳಿಗೆ ಸೀಲ್ ಕಿಟ್ ಹಾಕಿಸಿ, ರಾಡ್ ಮೇಲೆ ಗೀರು ಬಿದ್ದಿದ್ದರೆ ಕ್ರೋಮ್ ಮಾಡಿಸಿ. ಗಿಡದ ಬುಡದ ಆಯಿಲ್ ಮಣ್ಣನ್ನು ಮಳೆ ಹಿಡಿಯುವ ಮುಂಚೆ ತೆಗೆಸಿಬಿಡಿ, ಹಳ್ಳಕ್ಕೆ ಇಳಿಯದಿರಲಿ.

ಪಂಪಿನ ಪ್ಲೇಟಿನ ಫೋಟೋ, ಇಂಜಿನ್ ಕಂಪಾರ್ಟ್‌ಮೆಂಟಿನ ಉದ್ದ ಅಗಲ, ಒಂದು ವಾರದ ಡೀಸೆಲ್ ಲೆಕ್ಕ ಇಲ್ಲೇ ಹಾಕಿ. ಯಾವ ಮೋಟರ್ ಕೂರುತ್ತದೆ ಅಂತ ನೋಡಿ ಹೇಳುತ್ತೇನೆ.