ಲೆಸ್ಟರ್‌ಗೆ ಬರುವ ತಂಗಿಗೆ: ಕೂಸಿನ ಮೊದಲ ಊಟದ ಮಾತು

ತಂಗಿ, ಮುಂದಿನ ತಿಂಗಳು ಹುಬ್ಬಳ್ಳಿ ಬಿಟ್ಟು ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ಗೆ ಬರುತ್ತಿದ್ದೀಯ. ಅಷ್ಟೊತ್ತಿಗೆ ಕೂಸಿಗೆ ಆರು ತಿಂಗಳು ತುಂಬುತ್ತದೆ, ಈವರೆಗೆ ಬರೀ ಎದೆಹಾಲು. ಅವ್ವ, ಅತ್ತೆ ಯಾರೂ ಇಲ್ಲದ ಊರಲ್ಲಿ ಏನು ಉಣಿಸಲಿ, ಏನೇನು ಕಟ್ಟಿಕೊಂಡು ಬರಲಿ ಅಂತ ಕೇಳಿದ್ದೀಯ.

ಹಿಟ್ಟು, ಬೇಳೆ ಹೊತ್ತು ತರಬೇಡ. ಬೆಲ್‌ಗ್ರೇವ್ ರಸ್ತೆಯ ನಮ್ಮವರ ಅಂಗಡಿಗಳಲ್ಲಿ ರಾಗಿ ಹಿಟ್ಟು, ಜೋಳದ ಹಿಟ್ಟು, ಹೆಸರುಬೇಳೆ ಎಲ್ಲಾ ಸಿಗುತ್ತದೆ. ತುಪ್ಪವನ್ನೂ ಇಲ್ಲೇ ತಗೋ. ಭಾರತದಿಂದ ಹಾಲಿನ ಪದಾರ್ಥ ತರುವಂತಿಲ್ಲ, ಧಾರವಾಡ ಪೇಡೆಯೂ ಬೇಡ. ಪುಟ್ಟ ಕುಕ್ಕರ್ ಒಂದು ತಾ. ಲಸಿಕೆ ಬರೆದ ತಾಯಿ ಕಾರ್ಡ್ ಮಾತ್ರ ಕೈಚೀಲದಲ್ಲೇ ಇರಲಿ. ಬಂದ ಕೂಡಲೇ ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ ಹತ್ತಿರ ಕೂಸಿನ ಹೆಸರು ಬರೆಸು. ಹೆಲ್ತ್ ವಿಸಿಟರ್ ಅಂತ ನರ್ಸ್ ಇರುತ್ತಾರೆ, ಸಂಕೋಚಪಡದೆ ಅವರನ್ನು ಕೇಳು. ದುಡ್ಡು ಕೊಡಬೇಕಿಲ್ಲ.

ಇನ್ನು ಉಣಿಸುವ ಮಾತು. ಕೂಸು ಕೂತು ಕತ್ತು ನೆಟ್ಟಗೆ ಹಿಡಿಯಬೇಕು, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ದೂಡದೆ ನುಂಗಬೇಕು. ಆಗ ಶುರು ಮಾಡು. ನಮ್ಮ ಕಡೆ ಮೊದಲು ಕುಡಿಸುವುದು ಬೇಳೆಕಟ್ಟು, ಅನ್ನದ ಗಂಜಿ ಅಲ್ವಾ? ಅದೊಂದನ್ನು ಬಿಟ್ಟುಬಿಡು ಅಂತ ಒತ್ತಿ ಹೇಳುತ್ತೇನೆ. ಕೂಸಿನ ಹೊಟ್ಟೆ ಚಿಕ್ಕದು. ನೀರಿನಿಂದ ತುಂಬಿಸಿದರೆ ಎದೆಹಾಲೂ ಕಡಿಮೆ ಕುಡಿಯುತ್ತದೆ, ಕಾಳಿನ ಸತ್ವವೂ ಸಿಗುವುದಿಲ್ಲ. ಬೇಳೆಕಟ್ಟು ಬೇಡ, ಬೇಳೆಯನ್ನೇ ಕೊಡು.

ಒಂದು ಹಿಡಿ ಅಕ್ಕಿ, ಅರ್ಧ ಹಿಡಿ ಹೆಸರುಬೇಳೆ, ಒಂದು ತುಂಡು ಗಜ್ಜರಿ, ನಾಲ್ಕು ಎಲೆ ಪಾಲಕ್. ಮೆತ್ತಗೆ ಬೇಯಿಸಿ ಚಮಚದಿಂದಲೇ ನುರಿ, ಮಿಕ್ಸರ್ ಬೇಕಿಲ್ಲ. ಚಮಚ ಓರೆ ಮಾಡಿದರೆ ಸುರಿದು ಹೋಗಬಾರದು, ಅಷ್ಟು ಮಂದ ಇರಲಿ. ಮೇಲೆ ಚೂರು ತುಪ್ಪ, ನಾಲ್ಕು ಹನಿ ಲಿಂಬೆರಸ. ಲಿಂಬೆ ಬರೀ ರುಚಿಗಲ್ಲ. ಹುಟ್ಟುವಾಗ ಕೂಸಿನ ಮೈಯಲ್ಲಿದ್ದ ಕಬ್ಬಿಣದಂಶ ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ, ಎದೆಹಾಲಿನಲ್ಲಿ ಅದು ಕಡಿಮೆ. ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಚೆನ್ನಾಗಿ ಹತ್ತಬೇಕಾದರೆ ಲಿಂಬೆಯಲ್ಲಿರುವ ವಿಟಮಿನ್ ಸಿ ಜೊತೆಗಿರಬೇಕು. ಮೊಟ್ಟೆ ತಿನ್ನುವ ಮನೆಯಾದರೆ ಚೆನ್ನಾಗಿ ಬೆಂದ ಮೊಟ್ಟೆಯನ್ನೂ ನುರಿದು ಕೊಡು.

ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಮೇಲೆ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು ಇನ್ನೂ ಮೇಲು. ಅದು ಕುದಿಸಿದಾಗ ಅಷ್ಟೊಂದು ಗಟ್ಟಿಯಾಗುವುದಿಲ್ಲ, ಅದೇ ಬಟ್ಟಲಲ್ಲಿ ಜಾಸ್ತಿ ಹಿಟ್ಟು ಹಿಡಿಯುತ್ತದೆ.

ಮೊದಲು ದಿನಕ್ಕೆ ಒಂದು ಸಲ, ಎರಡು ಮೂರು ಚಮಚ ಸಾಕು. ಮೆಲ್ಲಗೆ ಎರಡು ಮೂರು ಹೊತ್ತಿಗೆ ಏರಿಸು. ಎದೆಹಾಲು ನಿಲ್ಲಿಸಬೇಡ. ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷ, ಅದರಾಚೆಗೂ ಕೊಡಿ ಅನ್ನುತ್ತದೆ.

ಫೋನಿನಲ್ಲಿ ಅವ್ವ ಉಪ್ಪು, ಬೆಲ್ಲ ಹಾಕು ಅನ್ನಬಹುದು. ವರ್ಷ ತುಂಬುವ ತನಕ ಎರಡೂ ಬೇಡ. ಜೇನು ನೆಕ್ಕಿಸುವುದಂತೂ ಬೇಡವೇ ಬೇಡ, ಬಜೆ ತೇಯ್ದು ಜೇನಿನಲ್ಲಿ ಕೊಡುವುದೂ ಬೇಡ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಕೂಸಿನ ಕರುಳಲ್ಲಿ ವಿಷ ಹುಟ್ಟಿಸುತ್ತದೆ, ಜೀವಕ್ಕೇ ಅಪಾಯ. ಶೇಂಗಾ ಕೊಡಬಹುದು, ಆದರೆ ಇಡೀ ಕಾಳಲ್ಲ, ಉಪ್ಪು ಖಾರವಿರುವ ಹಿಂಡಿಯೂ ಅಲ್ಲ. ಬರೀ ಶೇಂಗಾ ಹುರಿದು ನುಣ್ಣಗೆ ಅರೆದು ರಾಗಿಯಲ್ಲಿ ಕಲಸು. ಕೂಸಿಗೆ ಜೋರು ಇಸಬು ಇದ್ದರೆ ಮೊದಲು ಡಾಕ್ಟರನ್ನು ಕೇಳು. ಮೊಟ್ಟೆ, ಶೇಂಗಾದಂಥ ಅಲರ್ಜಿ ಆಗಬಹುದಾದ ಹೊಸ ಪದಾರ್ಥವನ್ನು ಒಂದೊಂದೇ ಕೊಟ್ಟು ನೋಡು.

ಊರಲ್ಲಿ ಎಣ್ಣೆ ಹಚ್ಚಿ ಬಿಸಿಲಿಗೆ ಮಲಗಿಸುತ್ತಾರೆ. ಇಲ್ಲಿ ಅಕ್ಟೋಬರ್‌ನಿಂದ ಮಾರ್ಚ್ ತನಕ ಆ ಬಿಸಿಲಿಗೆ ಮೈಯಲ್ಲಿ ವಿಟಮಿನ್ ಡಿ ಹುಟ್ಟಿಸುವಷ್ಟು ಬಲವಿಲ್ಲ. ಎದೆಹಾಲು ಕುಡಿಯುವ ಕೂಸಿಗೆ ದಿನಾ 8.5ರಿಂದ 10 ಮೈಕ್ರೋಗ್ರಾಂ ವಿಟಮಿನ್ ಡಿ ಹನಿ ಹಾಕಬೇಕು ಅಂತ ಇಲ್ಲಿ ಹೇಳುತ್ತಾರೆ. ನಿನಗೂ 10 ಬೇಕು.

ಟಿಕೆಟ್ ಆದ ಕೂಡಲೇ ತಿಳಿಸು. ಮೊದಲ ವಾರಕ್ಕೆ ಬೇಕಾದ ಅಕ್ಕಿ, ಬೇಳೆ, ರಾಗಿ ಹಿಟ್ಟು ನಾನೇ ತಂದಿಟ್ಟಿರುತ್ತೇನೆ.