ಅಮ್ಮನ ತೋಳಿನ ನೀಲಿ ಕಲೆ

ಮೈಸೂರಿನ ವೃದ್ಧಾಶ್ರಮದಲ್ಲಿರುವ ಅಮ್ಮನ ತೋಳಿನಲ್ಲಿ ನೀಲಿ ಕಲೆ ಕಂಡಿತು, ಅಲ್ಲಿಯವರು 'ಬಿದ್ದರು' ಅಂತಾರೆ, ನಂಬಬಹುದಾ ಅಂತ ಕೇಳಿದ್ದೀರಿ.

ಕಲೆ ಎಲ್ಲಿದೆ ನೋಡಿ. ವಯಸ್ಸಾದವರ ಚರ್ಮ ತೆಳು, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೊಳ್ಳುತ್ತಿದ್ದರೆ ಸುಮ್ನೆ ತಾಗಿದರೂ ನೀಲಿಗಟ್ಟುತ್ತದೆ. ಆದರೆ ಬಿದ್ದಾಗ ಪೆಟ್ಟಾಗುವುದು ಹೆಚ್ಚಾಗಿ ಮೊಣಕೈ, ಮಂಡಿ, ಹಣೆಗೆ. ತೋಳಿನ ಒಳಭಾಗದಲ್ಲಿ ಬೆರಳು ಒತ್ತಿದ ಹಾಗೆ ಮೂರ್ನಾಲ್ಕು ಗುಂಡು ಕಲೆ ಸಾಲಾಗಿದ್ದರೆ, ಯಾರೋ ಬಿಗಿಯಾಗಿ ಹಿಡಿದು ಎಳೆದಿರಬಹುದು. ದಯವಿಟ್ಟು ಹಗುರವಾಗಿ ತಗೋಬೇಡಿ. ಬೆನ್ನಿನ ಕೆಳಭಾಗ, ಹಿಮ್ಮಡಿ ಕೂಡ ನೋಡಿ. ಅಲ್ಲಿ ಹುಣ್ಣಾಗಿದ್ದರೆ ಮಗ್ಗುಲು ಬದಲಿಸದೆ ಮಲಗಿಸಿಬಿಟ್ಟಿರಬಹುದು. ಅದೂ ದೌರ್ಜನ್ಯವೇ. ಹಗಲೆಲ್ಲ ಮಂಪರಿನಲ್ಲಿದ್ದರೆ ಯಾವ ಮಾತ್ರೆ, ಯಾರು ಬರೆದದ್ದು ಅಂತ ಚೀಟಿ ಕೇಳಿ.

ಇವತ್ತೇ ದಿನಾಂಕ ಕಾಣುವ ಹಾಗೆ ಫೋಟೋ ತೆಗೆಯಿರಿ. ಹೊರಗಿನ ಡಾಕ್ಟರಿಗೆ ತೋರಿಸಿ ಬರಹದಲ್ಲಿ ವರದಿ ಪಡೆಯಿರಿ. ಸಿಬ್ಬಂದಿ ಇಲ್ಲದಾಗ ಅಮ್ಮನ ಹತ್ತಿರ ಒಬ್ಬರೇ ಕೂತು ಮಾತಾಡಿ. 'ಯಾರಾದರೂ ಹೊಡೆದರಾ' ಅನ್ನುವುದಕ್ಕಿಂತ 'ರಾತ್ರಿ ಬಾತ್‌ರೂಮಿಗೆ ಯಾರು ಕರ್ಕೊಂಡು ಹೋಗ್ತಾರೆ' ಅಂತ ಕೇಳಿದರೆ ಬಾಯಿ ಬಿಡುವುದು ಜಾಸ್ತಿ. ಭಾನುವಾರ ಬೆಳಿಗ್ಗೆ ಮಾತ್ರ ಹೋಗುವುದಲ್ಲ, ಹೇಳದೆ ಊಟದ ಹೊತ್ತಿಗೂ ಹೋಗಿ.

ಅನುಮಾನ ಗಟ್ಟಿಯಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಈಗಲೇ ಅಪಾಯ ಅನಿಸಿದರೆ 112. ದೂರು ಕೊಟ್ಟ ಮೇಲೆ ಅಮ್ಮನನ್ನು ಆ ರಾತ್ರಿ ಅಲ್ಲೇ ಬಿಡಬೇಡಿ. ಮೊದಲು ಬೇರೆ ಜಾಗ ನೋಡಿಟ್ಟುಕೊಳ್ಳಿ.