ತೊಗರಿ ಬೇರಿನ ಗಂಟೆಲ್ಲ ಹುಳುವಿನದಲ್ಲ

ಪ್ರಶ್ನೆ: ತೊಗರಿ ಬಿತ್ತಿ 40 ದಿನ ಆಯ್ತು. ಅಲ್ಲಲ್ಲಿ ಗಿಡ ಹಳದಿಯಾಗಿ ಕುಳ್ಳಗೆ ನಿಂತಿವೆ. ಕಿತ್ತು ನೋಡಿದರೆ ಬೇರಲ್ಲಿ ಗಂಟು. ಜಂತುಹುಳು (ಮಣ್ಣಲ್ಲಿದ್ದು ಬೇರಿಗೆ ಹತ್ತುವ ಸಣ್ಣ ಹುಳು, ನೆಮಟೋಡ್) ಅಂತ ಅಂಗಡಿಯವರು ಎಣ್ಣೆ (ಔಷಧಿ) ಕೊಡಲು ತಯಾರಾಗಿದ್ದಾರೆ. ಹುಳು ಹೌದೋ ಅಲ್ಲವೋ, ಯಾವ ಜಾತಿಯದು ಎಂದು ತಿಳಿಯುವುದು ಹೇಗೆ?
(ಆಳಂದ ತಾಲ್ಲೂಕಿನ ರೈತರೊಬ್ಬರು)

ಉತ್ತರ: ದುಡ್ಡು ಕೊಡುವ ಮೊದಲು ಇನ್ನೆರಡು ಗಿಡ ತೆಗೆಯಿರಿ. ಕೀಳಬೇಡಿ, ಸಲಿಕೆಯಿಂದ ಅಗೆದು ಎತ್ತಿ. ಎರೆಮಣ್ಣಲ್ಲಿ ಎಳೆದರೆ ನೋಡಬೇಕಾದ ಸಣ್ಣ ಬೇರೆಲ್ಲ ಹರಿದು ಒಳಗೇ ಉಳಿಯುತ್ತವೆ. ಬಕೆಟ್ ನೀರಲ್ಲಿ ನೆನೆಸಿ ಮೆಲ್ಲಗೆ ತೊಳೆಯಿರಿ.

ಈಗ ಗಂಟನ್ನು ಉಗುರಿನಿಂದ ತಳ್ಳಿ. ಸುಲಭವಾಗಿ ಕಳಚಿ ಬಂತಾ? ಸೀಳಿದರೆ ಒಳಗೆ ನಸುಗೆಂಪಾ? ಹಾಗಿದ್ದರೆ ಅದು ರೈಜೋಬಿಯಂ ಎಂಬ ಒಳ್ಳೆಯ ಬ್ಯಾಕ್ಟೀರಿಯಾದ ಗಂಟು. ಗಿಡಕ್ಕೆ ಸಾರಜನಕ ಒದಗಿಸುವ ಪುಕ್ಕಟೆ ಗೊಬ್ಬರ, ಇರಲಿ ಬಿಡಿ. ಗಂಟು ಕಳಚದೆ ಬೇರೇ ಊದಿಕೊಂಡಿದ್ದರೆ ಬೇರುಗಂಟು ಜಂತುಹುಳು, ಅಂದರೆ ಮೆಲಾಯ್ಡೊಗೈನೆ.

ಆದರೆ ತೊಗರಿಯಲ್ಲಿ ನನ್ನ ಅನುಮಾನ ಗಂಟೇ ಕಟ್ಟದ ಇನ್ನೊಂದು ಹುಳುವಿನ ಮೇಲೂ ಇದೆ. ಅದು ಹೆಟೆರೊಡೆರಾ ಕಜಾನಿ. 1967ರಲ್ಲಿ ನಮ್ಮ ದೇಶದಲ್ಲೇ ಗುರುತಿಸಿ, ತೊಗರಿಯ ವೈಜ್ಞಾನಿಕ ಹೆಸರು ಕಜಾನಸ್‌ನಿಂದಲೇ ಹೆಸರಿಟ್ಟರು. ಇದರ ಹೆಣ್ಣು ಬೇರಿನ ಹೊರಗೆ ಮೈ ಚಾಚಿ ಕೂರುತ್ತದೆ. ಗುಂಡುಸೂಜಿ ತಲೆಗಿಂತ ಚಿಕ್ಕದು, ನಿಂಬೆಯ ಆಕಾರ, ಮುತ್ತಿನ ಬಿಳುಪು. ಭೂತಗನ್ನಡಿ ಇದ್ದರೆ ಒಳ್ಳೆಯದು. ಸತ್ತ ಮೇಲೆ ಕಂದಾಗಿ, ಗಟ್ಟಿ ಚೀಲವಾಗಿ, ಒಳಗೆ ಮೊಟ್ಟೆ ಕಾಪಾಡಿಕೊಂಡು ಮಣ್ಣಲ್ಲಿ ಉಳಿಯುತ್ತದೆ. ಅದಕ್ಕೇ ಇದು ಬೇಗ ಹೊಲ ಬಿಡುವುದಿಲ್ಲ.

ತೊಳೆದರೂ ಬೇರಿಗೆ ಮಣ್ಣಿನ ಕಣ ಅಂಟಿಕೊಂಡೇ ಇದ್ದರೆ ರೊಟೈಲೆಂಕುಲಸ್ ಎಂಬ ಮತ್ತೊಂದು ಜಂತುಹುಳು ಇರಬಹುದು. ಅದರ ಅಂಟು ಮೊಟ್ಟೆಗೊಂಚಲು ಮಣ್ಣು ಹಿಡಿದಿಡುತ್ತದೆ.

ಇಲ್ಲಿಗೆ ಕಣ್ಣಿನ ಕೆಲಸ ಮುಗಿಯಿತು. ಜಾತಿ ಹೇಳುವುದು ಸೂಕ್ಷ್ಮದರ್ಶಕದ ಕೆಲಸ. ಬೇರುಗಂಟು ಹೆಣ್ಣುಹುಳುವಿನ ಹಿಂಭಾಗ ಕತ್ತರಿಸಿ ನೋಡಿದರೆ ಹೆಬ್ಬೆಟ್ಟಿನಂಥ ಗೆರೆಗಳು ಕಾಣುತ್ತವೆ. ಕಮಾನು ಎತ್ತರವಾಗಿದ್ದರೆ ಇನ್‌ಕಾಗ್ನಿಟಾ, ಎರಡೂ ಬದಿಗೆ ಸ್ಪಷ್ಟ ಗೆರೆ ಇದ್ದರೆ ಜವಾನಿಕಾ. ಅಂದಹಾಗೆ, ಮಣ್ಣಲ್ಲಿರುವ ಜಂತುಹುಳುಗಳೆಲ್ಲ ಶತ್ರುಗಳಲ್ಲ. ಬೇರು ಚುಚ್ಚುವವಕ್ಕೆ ಬಾಯಲ್ಲಿ ಸೂಜಿ ಇರುತ್ತದೆ, ತಜ್ಞರು ಮೊದಲು ನೋಡುವುದೇ ಅದನ್ನು.

ಮಾದರಿಯನ್ನು ಸತ್ತ ಗಿಡದ ಬುಡದಿಂದ ತೆಗೆಯಬೇಡಿ, ಹುಳು ಅಲ್ಲಿಂದ ಹೊರಟಿರುತ್ತದೆ. ಹಳದಿ ತಟ್ಟಿನ ಅಂಚಿನ ಹತ್ತು ಕಡೆ, 15-20 ಸೆಂ.ಮೀ. ಆಳದಿಂದ ಬೇರು ಸಮೇತ ಹಸಿ ಮಣ್ಣು ತೆಗೆದು ಬೆರೆಸಿ. ಅದರಲ್ಲಿ ಅರ್ಧ ಕೆ.ಜಿ.ಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಬಿಸಿಲಿಗಿಡಬೇಡಿ, ಹುಳು ಜೀವಂತ ಇದ್ದರೇ ಲೆಕ್ಕ ಸಿಗುವುದು. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಒಯ್ಯಿರಿ.

ಕಜಾನಿ ಎಂದು ಗೊತ್ತಾದರೆ ಮುಂದಿನ ಸಲ ಆ ಹೊಲಕ್ಕೆ ಹೆಸರು, ಉದ್ದು, ಎಳ್ಳು ಬೇಡ, ಅವೂ ಅದಕ್ಕೆ ಊಟವೇ. ಜೋಳ ಹಾಕಿ.